ಚಕ್ರವಿಲ್ಲದ ರೈಲು, ಸಡಿಲ ಬೂಟು

ಸ್ಕೀ ಬೂಟು ಹಾಕಿಕೊಂಡು ಒಂದು ಸಲ ಮೆಟ್ಟಿಲು ಇಳಿದು ನೋಡಿ, ಆಮೇಲೆ ಮಾತಾಡೋಣ. ಕಣಕಾಲು ಮಡಚುವ ಹಾಗಿಲ್ಲ, ಪಾದ ಬಗ್ಗುವ ಹಾಗಿಲ್ಲ. ಒಂದು ಹೆಗಲ ಮೇಲೆ ಹಿಮದಲ್ಲಿ ಜಾರುವ ನನ್ನ ಸ್ಕೀ ಹಲಗೆ, ಇನ್ನೊಂದು ಕಂಕುಳಲ್ಲಿ ಮಗಳದ್ದು, ಬಾಯಲ್ಲಿ ಅವಳ ಗ್ಲೌಸು. "ಅಮ್ಮಾ, ಸೂಸು" ಅಂತ ಅವಳು ಅನ್ನೋದು ಸರಿಯಾಗಿ ಆಗಲೇ. ಸ್ಕೀಯಿಂಗ್ ಫೋಟೋಗಳಲ್ಲಿ ಇದನ್ನು ಯಾರೂ ಹಾಕಲ್ಲ.

ನಾವು ಮ್ಯೂನಿಕ್‌ನಲ್ಲಿ ಇರೋದು. ಏಳು ಚಳಿಗಾಲ ಹೇಗೋ ತಪ್ಪಿಸಿಕೊಂಡಿದ್ದೆವು. ಈ ಸಲ ಮಗಳ ಕ್ಲಾಸಲ್ಲಿ ಸ್ಕೀ ಬರದವಳು ಅವಳೊಬ್ಬಳೇ ಅಂತ ಗೊತ್ತಾಗಿ, ಫೆಬ್ರವರಿಯ ಒಂದು ವಾರದ ರಜೆಗೆ ಆಸ್ಟ್ರಿಯಾದ ಟಿರೋಲ್ ಕಡೆಯ ಸೆರ್ಫೌಸ್‌ಗೆ ಹೊರಟೆವು. ಶಿವಮೊಗ್ಗದಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. ಹೋಟೆಲುಗಳಲ್ಲೆಲ್ಲ ಶನಿವಾರವೇ ಹಳಬರು ಖಾಲಿ ಮಾಡಿ ಹೊಸಬರು ಬರೋದು, ಹಾಗಾಗಿ ದಾರಿಯ ಫೆರ್ನ್ ಪಾಸ್ ಅನ್ನೋ ಘಾಟಿಯಲ್ಲಿ ಕಾರುಗಳು ಜಾತ್ರೆಯ ತೇರಿನ ಹಾಗೆ ಜರುಗುತ್ತಿದ್ದವು. ಮೂರು ಗಂಟೆ ದಾರಿಗೆ ಐದೂವರೆ ಗಂಟೆ ಹಿಡಿಯಿತು. ಅಮ್ಮ ಕಟ್ಟಿಕೊಂಡಿದ್ದ ಚಪಾತಿ, ಚಟ್ನಿಪುಡಿ ದಾರಿಯಲ್ಲೇ ಖಾಲಿ.

ಸೆರ್ಫೌಸ್ ಅಂದ್ರೆ ಸಾವಿರದ ಚಿಲ್ಲರೆ ಜನ ಇರುವ ಪುಟ್ಟ ಊರು, ಇನ್ ನದಿಯ ಕಣಿವೆಯಿಂದ ಮೇಲೆ ಬೆಟ್ಟದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 1,400 ಮೀಟರಿಗಿಂತ ಎತ್ತರದಲ್ಲಿದೆ. ಪಕ್ಕದ ಊರುಗಳಾದ ಫಿಸ್, ಲಾಡಿಸ್ ಸೇರಿದರೆ 200 ಕಿಲೋಮೀಟರಿಗೂ ಜಾಸ್ತಿ ಸ್ಕೀ ಇಳಿಜಾರು. ಇರೋದು ಒಂದೇ ಉದ್ದನೆಯ ಬೀದಿ. ಹಿಂದೆ ಆ ಬೀದಿ ಸ್ಕೀ ಮಾಡೋಕೆ ಬಂದವರ ಕಾರಿನಿಂದ ಕಟ್ಟಿಕೊಳ್ಳುತ್ತಿತ್ತಂತೆ. ಅದಕ್ಕೆ ಊರಿನವರು ಏನು ಮಾಡಿದರು ಗೊತ್ತಾ? 1985ರಲ್ಲಿ ಬೀದಿಯ ಕೆಳಗೆ ಒಂದು ಮೆಟ್ರೋ ಮಾಡಿಬಿಟ್ಟರು! ಉದ್ದ ಬರೀ 1,280 ಮೀಟರ್, ನಾಲ್ಕೇ ಸ್ಟೇಷನ್: ಪಾರ್ಕಿಂಗ್, ಚರ್ಚು, ಊರ ನಡು, ಕೊನೆಗೆ ಕೇಬಲ್ ಕಾರು. ಟಿಕೆಟ್ಟೇ ಇಲ್ಲ.

ನಮ್ಮಮ್ಮ ಪ್ಲಾಟ್‌ಫಾರ್ಮಿನಲ್ಲಿ ಸೀರೆಯ ಮೇಲೆ ನನ್ನ ಹಳೇ ಜಾಕೆಟ್ ಹಾಕಿಕೊಂಡು ನಿಂತಿದ್ದರು. ರೈಲು ಬಂತು. ಕಟಕಟ ಸದ್ದಿಲ್ಲ, ಬುಸ್ ಅಂತ ಗಾಳಿ ಬಿಟ್ಟ ಹಾಗೆ ಸುಮ್ನೆ ಜಾರಿಕೊಂಡು ಬಂತು. "ಇದಕ್ಕೆ ಚಕ್ರಾನೇ ಇಲ್ವೇನೇ?" ಅಂದರು. ನಾನು ನಕ್ಕೆ. ಆಮೇಲೆ ಓದಿ ನೋಡಿದರೆ ನಿಜವಾಗಿಯೂ ಇಲ್ಲ, ಗಾಳಿಯ ದಿಂಬಿನ ಮೇಲೆ ತೇಲುತ್ತೆ, ಹಗ್ಗವೊಂದು ಅದನ್ನು ಎಳೆದುಕೊಂಡು ಹೋಗುತ್ತೆ.

ಬ್ರೋಷರಿನಲ್ಲಿ ಈ ಊರು ಮಕ್ಕಳಿಗೆ ಅಂತ ತೋರಿಸೋಕೆ ಮುರ್ಮ್ಲಿ ಅನ್ನೋ ಮಾರ್ಮೊಟ್ (ಬೆಟ್ಟದ ದಪ್ಪ ಅಳಿಲಿನಂಥ ಪ್ರಾಣಿ) ಬೊಂಬೆಯ ಚಿತ್ರ ಹಾಕಿರುತ್ತಾರೆ. ಮಕ್ಕಳಿಗೆ ಖುಷಿ, ಸರಿ. ಆದರೆ ನನಗೆ ಕೇಳಿದರೆ ಮಕ್ಕಳ ಜೊತೆ ಬಂದವರಿಗೆ ಬೇಕಾಗಿರೋದು ಬೊಂಬೆ ಅಲ್ಲ, ಹೊರೆ ಹೊರದೇ ಇರೋದು. ಆ ರೈಲು ಅದನ್ನು ಮಾಡಿತು. ಸ್ಕೀಗಳನ್ನು ಕೇಬಲ್ ಕಾರಿನ ಹತ್ತಿರದ ಲಾಕರಿನಲ್ಲೇ ಇಟ್ಟು, ಸಾದಾ ಶೂ ಹಾಕಿಕೊಂಡು ಬರಬಹುದು ಅಂತ ಗೊತ್ತಾಗಿದ್ದು ಮಾತ್ರ ನಮಗೆ ಮೂರನೇ ದಿನ. ಅಲ್ಲಿವರೆಗೂ ಹೊತ್ತಿದ್ದೇ ಹೊತ್ತಿದ್ದು.

ಕೇಬಲ್ ಕಾರಿನಲ್ಲಿ ಕೊಂಪರ್ಡೆಲ್ ಅನ್ನೋ ಜಾಗಕ್ಕೆ ಹೋದರೆ ಮಕ್ಕಳ ಸ್ಕೀ ಶಾಲೆ. ಮಗಳಿಗೆ ಆರು ವರ್ಷ. ಗುಡ್ಡ ಹತ್ತಿಸೋಕೆ ನೆಲದಲ್ಲೇ ಹರಿಯುವ ಪಟ್ಟಿ ಇದೆ, ಮ್ಯಾಜಿಕ್ ಕಾರ್ಪೆಟ್ ಅಂತಾರೆ, ಏರ್‌ಪೋರ್ಟಿನ ಲಗೇಜ್ ಬೆಲ್ಟ್ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಕಾಣುತ್ತೆ. ಟೀಚರು ಕೂಗೋದು ಎರಡೇ ಪದ: "ಪಿಟ್ಸಾ! ಪೊಮ್ಮೆಸ್!" ಮುಂದಿನ ತುದಿ ಕೂಡಿಸಿ ಹಿಂದೆ ಅಗಲ ಮಾಡಿದರೆ ಪಿಟ್ಸಾ ತುಂಡು, ವೇಗ ಕಮ್ಮಿಯಾಗುತ್ತೆ. ಎರಡನ್ನೂ ಸಮವಾಗಿ ಇಟ್ಟರೆ ಫ್ರೆಂಚ್ ಫ್ರೈಸ್, ಸರ್‍ರ್ ಅಂತ ಹೋಗುತ್ತೆ. ಹೀಗೆ ಅಗಲ ಕಾಲಿನಿಂದ ಶುರು ಮಾಡಿ ಹಂತ ಹಂತವಾಗಿ ಕಲಿಸುವ ಕ್ರಮವನ್ನು ಜಗತ್ತಿಗೆ ಹರಡಿದವರು ಇಲ್ಲಿಗೆ ಹತ್ತಿರದ ಆರ್ಲ್‌ಬರ್ಗ್‌ನ ಹಾನೆಸ್ ಶ್ನೈಡರ್. ಅವರು ಸಾಂಕ್ಟ್ ಆಂಟೋನ್‌ನಲ್ಲಿ ಸ್ಕೀ ಶಾಲೆ ಶುರು ಮಾಡಿದ್ದು 1921ರಲ್ಲಿ. ಪಿಟ್ಸಾ ಹೆಸರು ಇಟ್ಟವರು ಯಾರೋ, ಅವರಿಗೂ ಒಂದು ನಮಸ್ಕಾರ.

ನನ್ನ ಕಥೆ ಬೇರೆ. ಬಾಡಿಗೆ ಅಂಗಡಿಯಲ್ಲಿ ವಯಸ್ಸು, ಎತ್ತರ, ತೂಕ ಕೇಳಿದರು. ತೂಕ ನಾಲ್ಕು ಕಿಲೋ ಕಮ್ಮಿ ಹೇಳಿದೆ. ಯಾರಿಗೆ ಏನು ನಷ್ಟ, ಅಲ್ವಾ? ನಷ್ಟ ನನಗೇ. ಬಿದ್ದಾಗ ಬೂಟು ಸ್ಕೀಯಿಂದ ಬಿಡಿಸಿಕೊಳ್ಳಬೇಕಲ್ಲ, ಎಷ್ಟು ಬಲ ಬಿದ್ದಾಗ ಬಿಡಬೇಕು ಅನ್ನೋದಕ್ಕೆ ಆ ತೂಕ ನೋಡಿಯೇ ತಿರುಪು ಹೊಂದಿಸೋದಂತೆ. ಕಮ್ಮಿ ಹೇಳಿದರೆ ಬಿಡಬಾರದ ಕಡೆಯೂ ಕಳಚಿಕೊಳ್ಳಬಹುದು. ಜೊತೆಗೆ ಬೂಟು ಒಂದು ಸೈಜ್ ದೊಡ್ಡದು ಕೊಟ್ಟಿದ್ದರು. ಆರಾಮಾಗಿದೆ ಅಂತ ನಾನೂ ಖುಷಿಯಾಗಿ ಹಾಕಿಕೊಂಡೆ. ಸ್ಕೀ ಬೂಟು ಆರಾಮಾಗಿದ್ದರೆ ಅದು ತಪ್ಪು ಬೂಟು! ಹಿಮ್ಮಡಿ ಒಳಗೆ ಎದ್ದೇಳುತ್ತೆ, ಇಳಿಜಾರಿನಲ್ಲಿ ಬೆರಳೆಲ್ಲ ಹೋಗಿ ಮುಂದಕ್ಕೆ ಗುದ್ದುತ್ತೆ, ನಾನು ಎಡಕ್ಕೆ ಅಂದ್ರೆ ಸ್ಕೀ ಕೇಳಿಸಿಕೊಳ್ಳೋದೇ ಇಲ್ಲ. ಎರಡು ದಿನ "ನನಗೆ ಬ್ಯಾಲೆನ್ಸೇ ಇಲ್ಲ" ಅಂತ ಕಣ್ಣೀರು ಹಾಕಿದೆ. ಬೂಟು ಬದಲಾಯಿಸಿ, ತೂಕವನ್ನೂ ಮೆಲ್ಲಗೆ ನಿಜ ಹೇಳಿದ ಮೇಲೆ ನೀಲಿ ಇಳಿಜಾರಿನಲ್ಲಿ ಬೀಳದೆ ಕೆಳಗೆ ಬಂದೆ. ನೀಲಿ ಅಂದ್ರೆ ಸುಲಭದ್ದು, ಆಮೇಲೆ ಕೆಂಪು, ಕಪ್ಪಿನ ಕಡೆ ತಲೆ ಹಾಕಲಿಲ್ಲ.

ಸ್ಕೀ ಇಳಿಜಾರಿನ ಒಂದು ನಿಯಮ ನನಗೆ ತುಂಬಾ ಹಿಡಿಸಿತು. ಮುಂದೆ ಇರುವವರದ್ದೇ ಹಕ್ಕು, ಹಿಂದಿನಿಂದ ಬರುವವರೇ ನೋಡಿಕೊಂಡು ದಾರಿ ಮಾಡಿಕೊಳ್ಳಬೇಕು. ಹಾರ್ನ್ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಇದನ್ನು ಒಂದು ದಿನ ಜಾರಿಗೆ ತಂದು ನೋಡಬೇಕು.

ಊಟ? ಮೊಟ್ಟೆ ತಿನ್ನದ ಅಮ್ಮನಿಗೆ ಕಷ್ಟವೇ. ಕೈಸರ್‌ಶ್ಮಾರ್ನ್ ಅನ್ನೋ ಅಲ್ಲಿನ ಸಿಹಿ ಪ್ಯಾನ್‌ಕೇಕ್ ಪೂರ್ತಿ ಮೊಟ್ಟೆ. ಆಲೂಗಡ್ಡೆ ಫ್ರೈಸ್, ಸಲಾಡ್, ರೂಮಿನಲ್ಲಿ ಕೆಟಲ್ ನೀರಿಗೆ ಅವಲಕ್ಕಿ, ಅಷ್ಟರಲ್ಲೇ ಆರು ದಿನ ಕಳೆದರು. ಬೆಳಗ್ಗೆ ನಮ್ಮ ಜೊತೆ ಕೇಬಲ್ ಕಾರಿನಲ್ಲಿ ಮೇಲೆ ಬಂದು ಬಿಸಿಲಲ್ಲಿ ಕೂತು, ಸಾಕಾದಾಗ ಒಬ್ಬರೇ ಇಳಿದು ಆ ರೈಲಿನಲ್ಲಿ ಊರ ತುದಿಯಿಂದ ತುದಿಗೆ ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ನಾಲ್ಕು ರೌಂಡ್ ಹೊಡೆದಿದ್ದಾರೆ.

ಶುಕ್ರವಾರ ಮಕ್ಕಳ ರೇಸು. ಮಗಳಿಗೆ ಮೆಡಲ್ ಬಂತು, ಎಲ್ಲರಿಗೂ ಬರುತ್ತೆ, ಅದು ಅವಳಿಗೆ ಹೇಳಿಲ್ಲ. ಈಗ ಮನೆಯಲ್ಲೂ ಕಾರಿಡಾರಿನಲ್ಲಿ ಸಾಕ್ಸ್ ಹಾಕಿಕೊಂಡು ಪಿಟ್ಸಾ ಪೊಮ್ಮೆಸ್ ನಡೆದಿದೆ. ಅಮ್ಮ ವಾಪಸ್ ಶಿವಮೊಗ್ಗಕ್ಕೆ ಹೋಗಿ ಎಲ್ಲರಿಗೂ ಚಕ್ರವಿಲ್ಲದ ರೈಲಿನ ಕಥೆ ಹೇಳುತ್ತಿದ್ದಾರೆ, ಹಿಮದ ಸುದ್ದಿಯೇ ಇಲ್ಲ. ನನ್ನ ಬಲಗಾಲಿನ ಹೆಬ್ಬೆರಳ ಉಗುರು ಇನ್ನೂ ನೇರಳೆಹಣ್ಣಿನ ಬಣ್ಣದಲ್ಲೇ ಇದೆ.