ಡಾಂಬರಿನ ಮೇಲೆ ಜೋಳ, ಕತ್ತಲಲ್ಲಿ ಕಲ್ಲು

ಮುಂಗಾರಿನ ಮೆಕ್ಕೆಜೋಳ ಕಟಾವಾಗುತ್ತಿದ್ದಂತೆ ದಾವಣಗೆರೆ, ಜಗಳೂರು ಸೀಮೆಯ ಹಳ್ಳಿ ರಸ್ತೆಗಳೆಲ್ಲ ಕಣವಾಗುತ್ತವೆ. ರೈತರನ್ನು ಬೈದು ಪ್ರಯೋಜನವಿಲ್ಲ. ಬಿಡಿಸಿದ ಕಾಳಿನ ತೇವ ಎಷ್ಟೋ ಸಲ ಶೇ 20 ದಾಟಿರುತ್ತದೆ. ಶೇ 14ಕ್ಕೆ ಇಳಿಯದಿದ್ದರೆ ಬೂಸ್ಟು ಹಿಡಿಯುತ್ತದೆ, ಮಾರುಕಟ್ಟೆಯಲ್ಲಿ ದರ ಮುರಿಯುತ್ತಾರೆ. ಕಾದ ಡಾಂಬರಿನ ಮೇಲೆ ಬೇಗ ಒಣಗುತ್ತದೆ ಎಂಬುದೂ ನಿಜ.

ಕಾಳಿಗಿಂತ ಭಯ ಹುಟ್ಟಿಸುವುದು ಅದರ ಕಾವಲಿಗಿಟ್ಟ ಕಲ್ಲು. ಹಳ್ಳಿ ರಸ್ತೆಯ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ, ಕೆಲವೆಡೆ 3. ರಾಶಿ ಎರಡು ಮೀಟರ್ ಹಿಡಿದರೆ ಉಳಿದದ್ದರಲ್ಲಿ ಒಂದು ಕಾರು ದಾಟುವುದೇ ಕಷ್ಟ. ರಾತ್ರಿ ಇಬ್ಬನಿಗೆಂದು ಕಪ್ಪು ತಾಡಪಾಲು ಹೊದಿಸಿ ಸುತ್ತ ಕಲ್ಲಿಡುತ್ತಾರೆ. ಎದುರಿನ ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆದರೆ ಆ ಕಪ್ಪು ರಾಶಿ ಕಾಣುವುದೇ ಇಲ್ಲ. 50 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಕಂಡು, ಬ್ರೇಕ್ ಹಿಡಿದು, ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ 35 ಮೀಟರ್ ಬೇಕು. 30ರ ವೇಗದಲ್ಲಿ 20 ಮೀಟರಿನೊಳಗೆ ನಿಲ್ಲಬಹುದು.

ಚದುರಿದ ಕಾಳು ಟೈರಿನಡಿ ಬೇರಿಂಗ್ ಗುಂಡಿನಂತೆ ಉರುಳುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಬೈಕು ಮಲಗಿತೆಂದೇ ತಿಳಿಯಿರಿ. ಕಾಳು ಶುರುವಾಗುವ ಮೊದಲೇ ವೇಗ ಇಳಿಸಿ, ಎರಡನೇ ಗೇರಿನಲ್ಲಿ, ಹ್ಯಾಂಡಲ್ ನೇರ ಇಟ್ಟುಕೊಂಡು, ಬ್ರೇಕ್ ಮುಟ್ಟದೆ ದಾಟಬೇಕು.

ಹೊಸದುರ್ಗ, ಹೊಳಲ್ಕೆರೆ ಕಡೆಯ ಕಥೆ ಬೇರೆ. ಅಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಗಾಡಿಗಳು ಹಾಯಲೆಂದು ಬೆಳೆಯನ್ನೇ ರಸ್ತೆಗೆ ಹರಡುತ್ತಾರೆ. ಹುರುಳಿ ಬಳ್ಳಿ ಕಾರಿನಡಿ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಹುಲ್ಲು ದಾಟಿ ಬರಿ ರಸ್ತೆಯಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೊದಲು ಎಲ್ಲರೂ ಇಳಿಯಿರಿ. ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ರಸ್ತೆಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂನಡಿ 5,000 ರೂಪಾಯಿವರೆಗೆ ದಂಡವಿದೆ. ಆದರೂ ಬೇರೆ ಜಾಗ ಸಿಗದೆ ರಸ್ತೆಗೇ ಹಾಕುವವರು ಇದ್ದೇ ಇರುತ್ತಾರೆ. ಅವರು ತಿರುವು, ಸೇತುವೆ, ಭದ್ರಾ ನಾಲೆಯ ಏರಿಯನ್ನಾದರೂ ಬಿಡಬೇಕು. ಕಲ್ಲಿನ ಬದಲು ಅರ್ಧ ಮರಳು ತುಂಬಿದ ಚೀಲ ಇಟ್ಟು, ಟ್ರೇಲರಿಗೆ ಅಂಟಿಸುವ ಕೆಂಪು ರಿಫ್ಲೆಕ್ಟರ್ ಟೇಪು ಸುತ್ತಬೇಕು. ಬೆಳಕಿರುವಾಗಲೇ ಕಾಳು ಬಳಿದು ರಸ್ತೆಯಿಂದ ಇಳಿಸಿ, ಚೆಲ್ಲಿದ್ದನ್ನು ಗುಡಿಸಬೇಕು.

ಜಾಗದ ಲೆಕ್ಕ ಅಂದುಕೊಂಡಷ್ಟು ದೊಡ್ಡದಲ್ಲ. 5 ಸೆಂ.ಮೀ. ದಪ್ಪಕ್ಕೆ ಹರಡಿದರೆ 10 ಕ್ವಿಂಟಲ್ ಜೋಳಕ್ಕೆ ಸುಮಾರು 28 ಚದರ ಮೀಟರ್, ಅಂದರೆ 5 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ತಾಡಪಾಲು ಸಾಕು. ದೇವಸ್ಥಾನದ ಅಂಗಳ, ಸಂತೆ ಮೈದಾನ ಯಾವ ಊರಲ್ಲಿಲ್ಲ? ಕಟಾವಿಗೆ ಮುಂಚೆಯೇ ಪಂಚಾಯಿತಿಯವರು ಅದನ್ನು ಸರದಿ ಪ್ರಕಾರ ಹಂಚಿಕೊಡಲಿ.