ಬಾಂದುಕಲ್ಲಿಲ್ಲದ ಜಮೀನು

ನಿವೃತ್ತ ಸರ್ವೆಯರ್ ಒಬ್ಬರನ್ನು ಸುಮ್ನೆ ಊರು ತೋರಿಸಕ್ಕೆ ಕರೆದುಕೊಂಡು ಹೋಗಬಾರದು. ಹೋದ ಅಕ್ಟೋಬರ್‌ನಲ್ಲಿ ನನಗಿದು ಗೊತ್ತಾಯ್ತು.

ಅಪ್ಪ ಸೇಂಟ್ ಲೂಯಿಸ್‌ನ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ಆರ್ಚ್ ನೋಡಿದ್ದಾಯ್ತು, ಮಿಸಿಸಿಪ್ಪಿ ನದಿ ನೋಡಿದ್ದಾಯ್ತು. ಮಾಲ್‌ಗೆ ಮಾತ್ರ ಬರಲ್ಲ ಅಂತ ಹಟ. ಪಶ್ಚಿಮಕ್ಕೆ ಹೋದರೆ ಡಿಫೈಯನ್ಸ್ ಅನ್ನೋ ಊರಿನ ಹತ್ತಿರ, ಹಳೇ ಕಾಲದ ಹೆಸರಾಂತ ಬೇಟೆಗಾರ, ಕಾಡಲ್ಲಿ ದಾರಿ ಮಾಡಿದ ಡೇನಿಯಲ್ ಬೂನ್ ಕೊನೆಯುಸಿರೆಳೆದ ಮನೆ ಇದೆ. ಅಲ್ಲಿಗೆ ಹೋಗೋಣ ಅಂದೆ.

ಮನೆ ಬೂನ್‌ನದಲ್ಲ, ಮಗ ನೇಥನ್‌ದು. ಸುಣ್ಣಕಲ್ಲಿನ ದೊಡ್ಡ ಮನೆ. ಅಪ್ಪ ಕಿಟಕಿಯ ಹತ್ತಿರ ಗೇಣು ಹಾಕಿ ಗೋಡೆಯ ದಪ್ಪ ಅಳೆದರು. "ಮೂರು ಗೇಣು ದಾಟತ್ತೆ ಕಣೇ."

ಗೈಡ್ ಹೆಂಗಸು ಚೆನ್ನಾಗಿ ಕತೆ ಹೇಳಿದರು. 1775ರಲ್ಲಿ ಬೂನ್ ಮತ್ತು ಕೊಡಲಿ ಹಿಡಿದ ಸುಮಾರು 30 ಜನ ಸೇರಿ ಕೆಂಟಕಿಗೆ ಕಾಡು ಕಡಿದು ದಾರಿ ಮಾಡಿದ್ದು. 1778ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಶಾನೀ ಜನ ಅವನನ್ನು ಹಿಡಿದದ್ದು, ಅವರ ಮುಖಂಡ ಬ್ಲ್ಯಾಕ್‌ಫಿಶ್ ದತ್ತು ತಗೊಂಡು 'ದೊಡ್ಡ ಆಮೆ' ಅಂತ ಹೆಸರಿಟ್ಟದ್ದು. ಆಮೇಲೆ ಅಲ್ಲಿಂದ ತಪ್ಪಿಸಿಕೊಂಡು 160 ಮೈಲಿ ಓಡಿ ಬಂದದ್ದು. ಎಲ್ಲರೂ ಬಾಯಿಬಿಟ್ಟು ಕೇಳುತ್ತಿದ್ದರೆ ಅಪ್ಪ ತೊಲೆ ನೋಡುತ್ತಿದ್ದರು. ಬೂನ್ ಜಮೀನು ಅಳೆಯೋ ಕೆಲಸ ಮಾಡುತ್ತಿದ್ದ ಅಂದಾಗ ಮಾತ್ರ ತಿರುಗಿದರು.

"ಆಗ ಯಾವ ಸರಪಳಿ ಇತ್ತು ಕೇಳು."

66 ಅಡಿ, 100 ಕೊಂಡಿ ಅಂದರು ಆಕೆ. ಅಪ್ಪನ ಮುಖ ಅರಳಿತು. "ನಮ್ಮದು ಅದರ ಅರ್ಧ, 33 ಅಡಿ. 33ಕ್ಕೆ 33 ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಹೇಳು ಅವರಿಗೆ." ಹೇಳಿದೆ. ಆಕೆ ಗುಂಟೆ ಅನ್ನೋ ಪದವನ್ನು ಎರಡು ಸಲ ಹೇಳಿ ನೋಡಿದರು.

ಆಮೇಲೆ ಪ್ರಶ್ನೆಗಳೆಲ್ಲ ಅಪ್ಪನದೇ. ಕೆಂಟಕಿಯಲ್ಲಿ ಸರ್ಕಾರದ ಮೂಲ ಸರ್ವೆ ಆಗಿರಲಿಲ್ಲ. ಇಂಥ ಮರದಿಂದ ಇಂಥ ಹಳ್ಳದ ತಿರುವಿನವರೆಗೆ ಅಂತ ಚಕ್ಕುಬಂದಿ ಬರೆಯುತ್ತಿದ್ದರು. ಮರ ಬೀಳತ್ತೆ, ಹಳ್ಳ ಸರಿಯತ್ತೆ. ಒಂದೇ ಜಾಗಕ್ಕೆ ಮೂರು ನಾಲ್ಕು ಜನ ನಂದು ಅಂತ ಬರುತ್ತಿದ್ದರು. ಸಾವಿರಾರು ಎಕರೆಗೆ ಹಕ್ಕು ಹೇಳಿದ್ದ ಬೂನ್, ವ್ಯಾಜ್ಯದಲ್ಲೂ ಕಂದಾಯದಲ್ಲೂ ಎಲ್ಲ ಕಳ್ಕೊಂಡ.

"ಗಡಿಗೆ ಬಾಂದುಕಲ್ಲಿಲ್ಲ, ಅಳತೆಯ ಟಿಪ್ಪಣಿ ಇಲ್ಲ. ಇನ್ನೇನಾಗತ್ತೆ?" ಅಂದರು ಅಪ್ಪ.

ಹಾಗಂತ ಆಸಾಮಿ ಸಣ್ಣವನಲ್ಲ. ಆಗ ಕೆಂಟಕಿಯೂ ಸೇರಿದ್ದ ವರ್ಜೀನಿಯಾದ ಶಾಸನಸಭೆಗೆ ಮೂರು ಸಲ ಆರಿಸಿ ಬಂದಿದ್ದ. 1781ರಲ್ಲಿ ಸಭೆಗೆ ಹೋದಾಗಲೇ ಬ್ರಿಟಿಷ್ ಸೇನೆ ಹಿಡಿದು, ಆಮೇಲೆ ಬಿಟ್ಟಿತ್ತು. 1798ರಲ್ಲಿ ಕೆಂಟಕಿಯ ಒಂದು ಕೌಂಟಿಗೆ ಅವನ ಹೆಸರಿಟ್ಟರು. ಮರುವರ್ಷ ಅವನು ಗಂಟುಮೂಟೆ ಕಟ್ಟಿ, ಆಗ ಸ್ಪೇನ್ ಕೈಯಲ್ಲಿದ್ದ ಮಿಸೌರಿಗೆ ಬಂದ.

ಸ್ಪೇನ್‌ನವರು 1800ರಲ್ಲಿ ಅವನನ್ನು ಇಲ್ಲಿನ ಆಡಳಿತಗಾರನನ್ನಾಗಿ ಮಾಡಿದರು. ಎಲ್ಮ್ ಮರದ ಕೆಳಗೆ ಕೂತು ನ್ಯಾಯ ಹೇಳುತ್ತಿದ್ದನಂತೆ. ಅರಳಿಕಟ್ಟೆ ಪಂಚಾಯ್ತಿ ಅಂತ ಅಪ್ಪನಿಗೆ ಹೇಳಿದೆ, ಬೇಗ ಅರ್ಥವಾಯ್ತು. ಸುಮಾರು 850 ಎಕರೆ ಜಮೀನೂ ಸಿಕ್ಕಿತು. ಆದರೆ ಅದರಲ್ಲಿ ಉಳುಮೆ ಮಾಡಲಿಲ್ಲ, ಕಾಗದ ಪಕ್ಕಾ ಮಾಡಿಸಲಿಲ್ಲ. ಅಷ್ಟರಲ್ಲಿ ಮಿಸೌರಿ ಅಮೆರಿಕದ ಪಾಲಾಯ್ತು. ಹೊಸ ಸರ್ಕಾರದವರು ಕಾಗದ ಕೇಳಿದರು, ಇರಲಿಲ್ಲ, ಜಮೀನು ಕೈಬಿಟ್ಟಿತು.

ಅಪ್ಪ ಹಣೆ ಚಚ್ಚಿಕೊಂಡರು. "ಊರಿಗೆಲ್ಲ ನ್ಯಾಯ ಹೇಳೋನಿಗೆ ತನ್ನ ಖಾತೆ ಮಾಡಿಸ್ಕೊಳ್ಳಕ್ಕೆ ಆಗ್ಲಿಲ್ವಾ?"

1814ರಲ್ಲಿ ಅಮೆರಿಕದ ಸಂಸತ್ತೇ ಆ ಜಮೀನು ವಾಪಸ್ ಕೊಟ್ಟಿತಂತೆ. ಬೂನ್ ಅದನ್ನು ಮಾರಿ ಕೆಂಟಕಿಯ ಸಾಲ ತೀರಿಸಿದ. ಚೆರ್ರಿ ಮರದ ಶವಪೆಟ್ಟಿಗೆಯೊಂದನ್ನು ಮೊದಲೇ ಮಾಡಿಸಿ ಇಟ್ಟುಕೊಂಡಿದ್ದ. 1820ರಲ್ಲಿ, 85ನೇ ವಯಸ್ಸಿಗೆ, ಮಗನ ಮನೆಯಲ್ಲಿ ಸತ್ತ.

ಹೊರಡುವಾಗ ಅಪ್ಪ ಇನ್ನೊಂದು ಕೇಳು ಅಂದರು. "ಕೆಂಟಕಿ ಜಮೀನು ಇವನಿಗಿಂತ ಮುಂಚೆ ಯಾರ ಸ್ವಾಧೀನದಲ್ಲಿತ್ತು?"

ಶಾನೀ, ಚೆರೋಕಿ ಜನ ಬೇಟೆಯಾಡುತ್ತಿದ್ದ ನೆಲ ಅದು ಅಂದರು ಆಕೆ. 1775ರಲ್ಲಿ ಒಂದು ಖಾಸಗಿ ಕಂಪನಿ ಕೆಲವು ಚೆರೋಕಿ ಮುಖಂಡರಿಂದ ಅದನ್ನು ಕೊಂಡಿತ್ತು. ಆ ವ್ಯಾಪಾರವನ್ನು ವರ್ಜೀನಿಯಾ ಸರ್ಕಾರವೇ ಒಪ್ಪಲಿಲ್ಲ. ಶಾನೀ ಜನರನ್ನಂತೂ ಯಾರೂ ಕೇಳಿರಲಿಲ್ಲ.

"ಹಂಗಾದ್ರೆ ಮೊದಲನೇ ಕ್ರಯಪತ್ರನೇ ಬಿದ್ದುಹೋಯ್ತು," ಅಂದರು ಅಪ್ಪ. ನಾನು ಅದನ್ನು ಇಂಗ್ಲಿಷಿಗೆ ಹೇಳಲು ಹೋಗಲಿಲ್ಲ.

ಕಾರಿನಲ್ಲಿ ಕೂತವರೇ ಫೋನ್ ತೆಗೆದು ಚಿಕ್ಕಪ್ಪನ ನಂಬರ್ ಹುಡುಕತೊಡಗಿದರು. ಕೆರೆ ಪಕ್ಕದ ಹಿಸ್ಸಾ ಇನ್ನೂ ಪೋಡಿ ಆಗಿ ದಾಖಲೆಯಲ್ಲಿ ಬೇರೆಯಾಗಿಲ್ಲವಂತೆ.

"ಅಪ್ಪಾ, ಅಲ್ಲಿ ಈಗ ರಾತ್ರಿ ಎರಡೂವರೆ."

"ಇರಲಿ, ಎದ್ದೇಳ್ತಾನೆ," ಅಂದರು.