ಅಡ್ವಾನ್ಸ್ ವಾಪಸ್ ಬರಬೇಕಾದರೆ

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡಿದವರಿಗೆ ಅಡ್ವಾನ್ಸ್ ತಡವಾಗುವುದು ಎಷ್ಟೋ ಸಲ ಮಾಲೀಕರ ದುರಾಸೆಯಿಂದಲ್ಲ. ಆ ದುಡ್ಡು ಅವರ ಹತ್ತಿರ ಇರುವುದೇ ಇಲ್ಲ. ಮೇಲಿನ ಮಹಡಿಗೋ ಮಗಳ ಮದುವೆಗೋ ಎಂದೋ ಖರ್ಚಾಗಿರುತ್ತದೆ. ಹೊಸಬರು ಅಡ್ವಾನ್ಸ್ ಕೊಟ್ಟ ಮೇಲೆ ಹಳಬರ ಲೆಕ್ಕ ಚುಕ್ತಾ. ಕರಾರು ಬರೆಸುವಾಗಲೇ ಇದು ನೆನಪಿರಲಿ.

ಕಾನೂನಿನ ಆಸರೆ ತೆಳು. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ಮಾದರಿ. ರಾಜ್ಯ ತನ್ನದಾಗಿಸಿಕೊಳ್ಳದೆ ಯಾರಿಗೂ ಕಡ್ಡಾಯವಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇಂದು ಆ ಮೊತ್ತಕ್ಕೆ ಮನೆ ಎಲ್ಲಿದೆ? ಹಾಗಾಗಿ ಐದರಿಂದ ಹತ್ತು ತಿಂಗಳ ಅಡ್ವಾನ್ಸ್ ನಡೆದೇ ಇದೆ. ನಿಮ್ಮ ಕಾಯ್ದೆ ಎಂದರೆ ನಿಮ್ಮ ಕರಾರು ಪತ್ರವೇ.

ಹಣ ಕೊಡುವ ಮುಂಚೆ ಆಸ್ತಿ ತೆರಿಗೆ ರಸೀದಿ ನೋಡಿ. ಅದರಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹಾಕಿ. ಬ್ರೋಕರ್‌ಗೂ ಬೇಡ, ಭಾಮೈದನಿಗೂ ಬೇಡ. ಮೊತ್ತ, ತಾರೀಖು, ವರ್ಗಾವಣೆ ಸಂಖ್ಯೆ ಕರಾರಿನಲ್ಲಿ ಬರಲಿ.

ಜಗಳ ಹುಟ್ಟುವುದು ಬಣ್ಣದಲ್ಲಿ. 'ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು' ಎಂಬ ಸಾಲು ಹೆಚ್ಚುಕಡಿಮೆ ಎಲ್ಲ ಕರಾರಿನಲ್ಲೂ ಇರುತ್ತದೆ. ಬಾಡಿಗೆ 25,000 ಇದ್ದರೆ ಆರು ತಿಂಗಳಿದ್ದವರಿಗೂ 25,000, ಐದು ವರ್ಷ ಇದ್ದವರಿಗೂ ಅಷ್ಟೇ. ಅದರ ಬದಲು 'ಬಿಲ್ಲಿನ ಪ್ರಕಾರ, ಗರಿಷ್ಠ ಇಷ್ಟು; ಮೂರು ವರ್ಷ ದಾಟಿದರೆ ಮಾಲೀಕರದ್ದೇ' ಎಂದು ಬರೆಸಿ. ಮಾಸಿದ ಗೋಡೆ ಬಳಕೆಯ ಸವಕಳಿ. ಒಡೆದ ವಾಶ್‌ಬೇಸಿನ್ ಹಾನಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ರಾದ್ಧಾಂತ ತಪ್ಪದು. ಅದಕ್ಕೇ ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ: ಗೀಸರ್, ಫ್ಲಶ್, ಸಿಂಕಿನ ಕೆಳಗೆ, ಸೊಳ್ಳೆ ಪರದೆ, ಮೂಲೆಗಳ ತೇವದ ಕಲೆ. ಮಾಲೀಕರಿಗೆ ಅಂದೇ ವಾಟ್ಸಾಪ್ ಮಾಡಿ.

ಖಾಲಿ ಮಾಡುವುದನ್ನು ಕರಾರಿನಲ್ಲಿ ಇರುವಷ್ಟು ಮೊದಲು, ಒಂದೋ ಎರಡೋ ತಿಂಗಳಿಗೆ, ಬರಹದಲ್ಲಿ ತಿಳಿಸಿ. ಹೊಸಬರಿಗೆ ಮನೆ ತೋರಿಸಲು ಸಹಕರಿಸಿ. ನಿಮ್ಮ ದುಡ್ಡು ಬರುವುದು ಅವರಿಂದಲೇ. ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವ ಒಪ್ಪಂದವಾದರೆ ಬಾಕಿ ಮೊತ್ತವಾದರೂ ಚಿಕ್ಕದಾಗುತ್ತದೆ. ಆದರೆ ಎರಡೇ ತಿಂಗಳ ಅಡ್ವಾನ್ಸ್ ಪಡೆದ ಮಾಲೀಕರು ಇದಕ್ಕೆ ಒಪ್ಪಬಾರದು; ಹಾನಿಗೆ, ಬಿಲ್ಲಿಗೆ ಏನೂ ಉಳಿಯುವುದಿಲ್ಲ. ಮಾಲೀಕರು ಅಡ್ವಾನ್ಸನ್ನು ಎಫ್‌ಡಿಯಲ್ಲಿಟ್ಟರೆ ಹೊಸಬರಿಗಾಗಿ ಕಾಯುವ ಪ್ರಮೇಯವೇ ಬಾರದು, ಬಡ್ಡಿಯೂ ಅವರದೇ.

ಕೀ ಕೊಡುವ ದಿನ ವಿದ್ಯುತ್ ಮೀಟರಿನ ಫೋಟೊ ಇಬ್ಬರ ಬಳಿಯೂ ಇರಲಿ. ಆ ತಿಂಗಳ ಬೆಸ್ಕಾಂ ಬಿಲ್ ಬರುವುದು ನೀವು ಹೋದ ಮೇಲೆ. ಗೃಹಜ್ಯೋತಿಗೆ ನಿಮ್ಮ ಆಧಾರ್ ಆ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿದ್ದರೆ ಬಿಡಿಸಿಕೊಳ್ಳಿ. ಕೀ ಮತ್ತು ಹಣ ಒಂದೇ ಹೊತ್ತಿಗೆ ಕೈಬದಲಾಗಲಿ. 'ನಾಳೆ ಹಾಕ್ತೀನಿ' ಎಂದರೆ ಕಡಿತದ ಲೆಕ್ಕ, ಬಾಕಿ, ಕೊಡುವ ತಾರೀಖು ಮೂರನ್ನೂ ಬರೆಸಿ ಸಹಿ ಹಾಕಿಸಿ.

ಆಮೇಲೂ ಬರದಿದ್ದರೆ ವಕೀಲರ ನೋಟಿಸು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಅದು ನಡೆಸುವ ಲೋಕ ಅದಾಲತ್‌ಗೆ ಕೋರ್ಟ್ ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ಆದರೆ ಎದುರಿನವರು ಬಂದು ಒಪ್ಪಬೇಕು. ಒಪ್ಪದಿದ್ದರೆ ಉಳಿಯುವುದು ಸಿವಿಲ್ ದಾವೆ. ಹಣ ಕೊಡಬೇಕಾದ ದಿನದಿಂದ ಮೂರು ವರ್ಷದೊಳಗೆ ಹಾಕಬೇಕು.